ಹಲಗೆ ಒರೆಸಿದ ಏಳು ಮಂದಿ

ಮೊನ್ನೆ ಭಾನುವಾರ ಹೊಸಪೇಟೆಯ ನಮ್ಮ ಮನೆಗೆ ಬಡಾವಣೆಯ ಮೊಬೈಲ್ ಗುಂಪಿನ ಮುಖಂಡರು ಮೂವರು ಬಂದಿದ್ದರು. ಆ ಗುಂಪಿನಲ್ಲಿ ಬೆಳಗಾದರೆ ಹೂವಿನ ಚಿತ್ರ, ದೇವರ ಚಿತ್ರ. ಹತ್ತು ಗಂಟೆಗೆ ನಲ್ಲಿ ನೀರಿನ ಗೋಳು. ಊಟ ಮುಗಿಯುವ ಹೊತ್ತಿಗೆ ಒಬ್ಬರ ಮೇಲೊಬ್ಬರು ಕೆಸರೆರಚಾಟ. ಅದನ್ನು ಹತೋಟಿಗೆ ತರಬೇಕು, ಅದಕ್ಕೆ ಸದಸ್ಯರೇ ಮುಂದೆ ಬರಬೇಕು ಎಂದು ಅವರು ತೀರ್ಮಾನ ಮಾಡಿಕೊಂಡು ಬಂದಿದ್ದರು.

"ಮೇಷ್ಟ್ರೇ, ನೀವು ಹಿರೇರು. ನಿಮ್ಮನ್ನ ಅಡ್ಮಿನ್ ಮಾಡ್ತೀವಿ. ಕೆಟ್ಟದ್ದು ಕಂಡ ಕೂಡ್ಲೇ ಅಳಿಸಿ ಒಗೀರಿ. ಇಷ್ಟ ಕೆಲಸ, ಕುಂತಲ್ಲೇ ಆಗ್ತೈತಿ," ಎಂದ ಒಬ್ಬ.

"ಆ ಕೆಲಸ ಒಮ್ಮೆ ಮಾಡೀನಪ್ಪ. ಇನ್ನೊಮ್ಮೆ ಮಾಡಂಗಿಲ್ಲ. ಎದ್ದು ಹೋಗ್ರಿ," ಎಂದೆ.

ಮೂವರೂ ಮುಖ ಮುಖ ನೋಡಿಕೊಂಡು ಎದ್ದು ಹೋದರು. ಒಳಗೆ ಒಲೆಯ ಮೇಲೆ ಅವರಿಗೆಂದೇ ಇಟ್ಟಿದ್ದ ಚಹಾ ಕುದಿಯುತ್ತಿತ್ತು. "ವಯಸ್ಸಾದಂಗೆಲ್ಲ ನಿಮ್ಮ ನಾಲಿಗಿ ಉದ್ದ ಆಗಾಕತ್ತೈತಿ," ಎಂದು ಹೆಂಡತಿ ಬೈದಳು. ಬೈಯಲಿ. ಕೆಟ್ಟದ್ದನ್ನು ಅಳಿಸುತ್ತೇವೆಂದು ಮುಂದೆ ಬರುವ ಸಜ್ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೆಟ್ಟದ್ದು ಬರೆಯುವವನ ಮೇಲೂ ನನಗೆ ಅಷ್ಟು ಸಿಟ್ಟಿಲ್ಲ. ನಾನು ಒಂದು ಕಾಲಕ್ಕೆ ಅಂಥ ಸಜ್ಜನರ ಪೈಕಿಯೇ ಇದ್ದೆ. ನಾವು ಏಳು ಮಂದಿ ಸಜ್ಜನರು ಸೇರಿ, ಊರಿನ ಒಂದು ಹಲಗೆಯನ್ನು ಸ್ವಚ್ಛ ಇಡಲು ಹೋಗಿ, ಒಬ್ಬನ ಹನ್ನೊಂದು ವರ್ಷದ ದುಡಿಮೆಯನ್ನು ನೀರಿಗೆ ಹಾಕಿದೆವು. ಅದನ್ನು ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕಂಪ್ಲಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದೆ. ಕಾಲುವೆ ನೀರು ಬಂದು ಆಗಲೇ ಒಂದು ತಲೆಮಾರು ಆಗಿತ್ತು. ವರ್ಷಕ್ಕೆ ಎರಡು ಸಲ ಭತ್ತ, ನಡುನಡುವೆ ಕಬ್ಬು, ಬಾಳೆ. ಅಪ್ಪಂದಿರು ಜೋಳದ ಹೊಲದಲ್ಲಿ ಆಕಾಶ ನೋಡಿ ಕುಳಿತಿದ್ದ ಜಾಗದಲ್ಲಿ ಮಕ್ಕಳು ಮೋಟಾರ್ ಸೈಕಲ್ ನಿಲ್ಲಿಸಿ ಸಿಗರೇಟು ಹಚ್ಚುತ್ತಿದ್ದರು. ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಬಂತು. ಆರ್‌ಸಿಸಿ ಮೇಲೆ ಸಿಮೆಂಟಿನ ಸಿಂಹ ಬಂತು. ಸಿಂಹಕ್ಕೆ ಹಳದಿ ಬಣ್ಣ, ನಾಲಿಗೆಗೆ ಕೆಂಪು. ಇಷ್ಟೆಲ್ಲ ಬಂದ ಮೇಲೆ ಊರಿನ ದೊಡ್ಡವರಿಗೆ ತಾವು ತಿಳಿದವರು ಅನ್ನಿಸಿಕೊಳ್ಳುವುದೊಂದು ಬಾಕಿ ಉಳಿಯಿತು. ಅದಕ್ಕಾಗಿ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ವಾಚನಾಲಯ ಕಟ್ಟಿಸಿದರು.

ಪುಸ್ತಕ ಓದುವವರು ಯಾರೂ ಇರಲಿಲ್ಲ ಬಿಡಿ. ಎರಡು ಬೀರು ಪುಸ್ತಕ ಇದ್ದವು, ಬೀರುಗಳ ಬೀಗದ ಕೈ ಯಾರ ಹತ್ತಿರ ಇದೆಯೆಂದು ವರ್ಷಗಟ್ಟಲೆ ಯಾರೂ ಕೇಳಲಿಲ್ಲ. ಓದುತ್ತಿದ್ದದ್ದು ಪೇಪರು, ಅದೂ ಭತ್ತದ ಧಾರಣೆ ಮತ್ತು ಸಿನಿಮಾ ಜಾಹೀರಾತು. ಆದರೆ ಹೊರಗಿನ ಗೋಡೆಯ ಮೇಲೆ, ರಸ್ತೆಗೆ ಮುಖ ಮಾಡಿ, ಒಂದು ದೊಡ್ಡ ಕರಿಹಲಗೆ ಮಾಡಿಸಿದ್ದರು. ಗಾರೆ ನುಣ್ಣಗೆ ತಿಕ್ಕಿ ಕಪ್ಪು ಬಳಿದ ಹಲಗೆ. ಅದರ ಕೆಳಗೆ ಒಂದು ತಗಡಿನ ಡಬ್ಬಿಯಲ್ಲಿ ಸೀಮೆಸುಣ್ಣ. ಯಾರು ಬೇಕಾದರೂ ಬರೆಯಬಹುದು ಎಂದು ಉದ್ಘಾಟನೆಯ ದಿನವೇ ಘೋಷಣೆಯಾಗಿತ್ತು. ಹೊಸಪೇಟೆ ಕಡೆಯ ಬಸ್ಸಿಗೆ, ಗಂಗಾವತಿ ಕಡೆಯ ಬಸ್ಸಿಗೆ, ದರೋಜಿ ಕಡೆಯ ಬಸ್ಸಿಗೆ ಕಾಯುವವರೆಲ್ಲ ಆ ಹಲಗೆಯನ್ನೇ ಓದುತ್ತ ನಿಲ್ಲುತ್ತಿದ್ದರು.

ಮೊದಮೊದಲು ಒಳ್ಳೆಯದೇ ಬರೆದರು. ಯಾವ ತೂಬಿಗೆ ಯಾವ ದಿನ ನೀರು ಬಿಡುತ್ತಾರೆ, ಯಾವ ಎಮ್ಮೆ ಕಳೆದಿದೆ, ದವಾಖಾನೆಗೆ ಹೊಸ ಡಾಕ್ಟರು ಯಾವಾಗ ಬರುತ್ತಾರೆ. ಮೂರು ತಿಂಗಳಾಗುವಷ್ಟರಲ್ಲಿ ನಮ್ಮ ಜನ ತಮ್ಮ ನಿಜವಾದ ಬುದ್ಧಿ ತೋರಿಸಿದರು. ಯಾರ ಮನೆಯ ಸೊಸೆ ತವರಿಗೆ ಯಾಕೆ ಹೋದಳು, ಯಾವ ಮೆಂಬರು ಯಾರ ಹತ್ತಿರ ಏನು ತಿಂದ, ಯಾವ ಮೇಷ್ಟ್ರು ಪಾಠ ಮಾಡದೆ ನಿದ್ದೆ ಹೊಡೆಯುತ್ತಾನೆ. ಕೊನೆಯದು ನನ್ನ ಮೇಲೆಯೇ ಬರೆದದ್ದು. ನಿದ್ದೆ ಹೊಡೆಯುತ್ತಿದ್ದೆನೋ ಇಲ್ಲವೋ ಬೇರೆ ಮಾತು, ಓದಿ ನನಗೆ ರಾತ್ರಿ ಊಟ ಸೇರಲಿಲ್ಲ.

ವಾಚನಾಲಯದ ಕಾರ್ಯದರ್ಶಿ ಗೊಬ್ಬರದ ಅಂಗಡಿಯವರು. ಬಿಳಿ ಪ್ಯಾಂಟು, ಬಿಳಿ ಶರ್ಟು, ಅಂಗಡಿಯ ವಾಸನೆ ಹೋಗಲೆಂದು ಅತ್ತರು. ಮಾತೆತ್ತಿದರೆ ಸಮಾಜ ಅನ್ನುವವರು. ಅವರು ಸದಸ್ಯರ ಸಭೆ ಕರೆದು ನಿಂತು ಮಾತಾಡಿದರು.

"ಹಲಗಿ ನಮ್ದು. ಹೊಲಸು ಮಾಡೋರೂ ನಾವ, ಸ್ವಚ್ಛ ಮಾಡೋರೂ ನಾವ ಆಗ್ಬೇಕು. ದಿನಕ್ಕೊಬ್ರು ಬಂದು ನೋಡ್ರಿ. ಕೆಟ್ಟದ್ದಿದ್ರ ಒದ್ದಿ ಬಟ್ಟೀಲೆ ಒರಸ್ರಿ. ಯಾರು ಬರ್ತೀರಿ, ಕೈ ಎತ್ರಿ."

ನಲವತ್ತು ಮಂದಿ ಕುಳಿತಿದ್ದರು. ಒಂದು ಕೈ ಏಳಲಿಲ್ಲ. ಒಬ್ಬನಿಗೆ ನಾಟಿ ಕೆಲಸ, ಒಬ್ಬನಿಗೆ ಬೆನ್ನು ನೋವು, ಒಬ್ಬನಿಗೆ ಒದ್ದೆ ಬಟ್ಟೆ ಹಿಡಿಯುವುದೇ ಅವಮಾನ. "ಒಬ್ಬ ಜವಾನನ್ನ ಇಡ್ರಿ ಸಾಹುಕಾರ್ರೇ, ನಾವೇನು ಹಲಗಿ ಒರಸಾಕ ಹುಟ್ಟೀವೇನು," ಎಂದ ಅಕ್ಕಿ ಗಿರಣಿಯವನು. ಹಲಗೆ ಹೊಲಸಾಯಿತೆಂದು ಎಲ್ಲರಿಗಿಂತ ಹೆಚ್ಚು ಅರಚಾಡುತ್ತಿದ್ದವನೂ ಅವನೇ. ಸಭೆ ಮಂಡಕ್ಕಿ ಮಿರ್ಚಿ ತಿಂದು ಎದ್ದು ಹೋಯಿತು.

ಕಾರ್ಯದರ್ಶಿ ದಡ್ಡರಲ್ಲ. ಮುಂದಿನ ವಾರ ಹಲಗೆಯ ಪಕ್ಕದ ಗೋಡೆಯ ಮೇಲೆ ಪೇಂಟರನ್ನು ಕರೆಸಿ, 'ಹಲಗೆಯ ಮೇಲ್ವಿಚಾರಕರು' ಎಂದು ಕೆಂಪು ಆಯಿಲ್ ಪೇಂಟಿನಲ್ಲಿ ಬರೆಸಿದರು. ಕೆಳಗೆ ಸೋಮವಾರದಿಂದ ಭಾನುವಾರದವರೆಗೆ ಏಳು ವಾರಗಳ ಹೆಸರು. ಪ್ರತಿ ವಾರದ ಮುಂದೆ ಖಾಲಿ ಜಾಗ. ಜೊತೆಗೆ ಹಿತ್ತಾಳೆಯ ಏಳು ಬಿಲ್ಲೆ ಮಾಡಿಸಿ, ಗಾಜಿನ ಬೀರುವಿನಲ್ಲಿ ಕಾಣುವಂತೆ ಇಟ್ಟರು. ಮಾತಿನಲ್ಲಿ ಏನೂ ಹೇಳಲಿಲ್ಲ.

ಎರಡೇ ದಿನದಲ್ಲಿ ಇಪ್ಪತ್ತಾರು ಮಂದಿ ಅವರ ಅಂಗಡಿಗೆ ಹೋಗಿ ನಿಂತರು. ಬೆನ್ನು ನೋವಿನವನೂ ಹೋದ. ಅಕ್ಕಿ ಗಿರಣಿಯವನಿಗೆ ಶುಕ್ರವಾರವೇ ಬೇಕಂತೆ, ಶುಕ್ರವಾರ ಸಂತೆ, ಹಳ್ಳಿಯವರು ತನ್ನ ಹೆಸರು ನೋಡುತ್ತಾರಂತೆ. ಒಂದು ಗೋಡೆ, ಅರ್ಧ ಡಬ್ಬಿ ಬಣ್ಣ, ಇಷ್ಟಕ್ಕೆ ಊರಿನ ದೊಡ್ಡವರೆಲ್ಲ ಬಾಲ ಅಲ್ಲಾಡಿಸಿಕೊಂಡು ಬಂದರು. ನಾನು ನಗುತ್ತ ನೋಡುತ್ತಿದ್ದೆ. ಕಾರ್ಯದರ್ಶಿ ಒಂದು ಸಂಜೆ ಶಾಲೆಯ ಗೇಟಿಗೆ ಬಂದು, "ಮೇಷ್ಟ್ರೇ, ನಿಮ್ಮಷ್ಟು ಚಂದ ಅಕ್ಷರ ಈ ಊರಾಗ ಯಾರ್ದೈತಿ? ಗುರುವಾರ ನಿಮಗಂತ ಇಟ್ಟೀನಿ," ಎಂದರು. ನಗು ಅಲ್ಲಿಗೆ ನಿಂತಿತು. ನನ್ನ ಹೆಸರನ್ನು ಬರೆಯುವಾಗ ಪೇಂಟರ್ ದೀರ್ಘ ಬಿಟ್ಟಾನೆಂದು ಪಕ್ಕದಲ್ಲಿ ನಿಂತು ಬರೆಸಿದೆ.

ಹಾಗೆ ನಾವು ಏಳು ಮಂದಿ ಆದೆವು. ನಾಲ್ವರಿಗೆ ಕಾಲುವೆಯ ತಲೆಯ ಕಡೆ, ಅಂದರೆ ನೀರು ಮೊದಲು ಬರುವ ಕಡೆ, ಭತ್ತ ಕಬ್ಬಿನ ಜಮೀನು. ಅವರಲ್ಲಿ ಕಾರ್ಯದರ್ಶಿಯೂ ಒಬ್ಬರು, ಗಿರಣಿಯವನೂ ಒಬ್ಬ. ಉಳಿದವರು ಸೈಕಲ್ ಅಂಗಡಿಯವನು, ಒಬ್ಬ ರಿಟೈರಾದ ಗುಮಾಸ್ತ, ನಾನು.

ಬಿಲ್ಲೆ ಎದೆಗೆ ಬಿದ್ದದ್ದೇ ತಡ, ನಮ್ಮ ಕಣ್ಣಿಗೆ ಹೊಲಸು ಎಂಬುದರ ಅರ್ಥವೇ ಬೇರೆಯಾಯಿತು. ಗಿರಣಿಯವನು ಶುಕ್ರವಾರ ಭತ್ತದ ಧಾರಣೆ ಒರೆಸುತ್ತಿದ್ದ. ಬೇರೆ ಊರಿನ ಧಾರಣೆ ಇಲ್ಲಿ ಬರೆಯುವುದು ಶಾಂತಿ ಕದಡುತ್ತದಂತೆ. ಗುಮಾಸ್ತರು ಅಕ್ಷರದ ತಪ್ಪನ್ನಷ್ಟೇ ತಿದ್ದುತ್ತಿದ್ದರು. ಒಮ್ಮೆ ಒಬ್ಬ ಹೆಂಗಸಿನ ಬಗ್ಗೆ ಬರೆದ ಅಸಹ್ಯ ಮಾತಿನಲ್ಲಿ ಒಂದು ಒತ್ತಕ್ಷರ ಸರಿ ಮಾಡಿ, ಮಾತನ್ನು ಹಾಗೇ ಬಿಟ್ಟು ಮನೆಗೆ ಹೋದರು. ಸೈಕಲ್ ಅಂಗಡಿಯವನು ಮಾತ್ರ ಓಡಿ ಓಡಿ ಬಂದು ಒರೆಸುತ್ತಿದ್ದ. ಪಂಚರ್ ಹಾಕುವುದನ್ನೂ ಬಿಟ್ಟು ಬರುತ್ತಿದ್ದ, ಆದರೆ ಅವನಿಗೆ ಓದಲು ಸರಿಯಾಗಿ ಬಾರದು. ಕಳೆದ ಎಮ್ಮೆಯನ್ನೂ ಒರೆಸಿದ. ನಾನೇನು ಕಡಿಮೆಯೇ? ಮೇಷ್ಟ್ರುಗಳ ಬಗ್ಗೆ ಏನೇ ಬರೆದಿದ್ದರೂ, ನನ್ನ ವಾರವಲ್ಲದಿದ್ದರೂ, ಶಾಲೆಗೆ ಹೋಗುವ ದಾರಿಯಲ್ಲಿ ಅಂಗೈಯಿಂದಲೇ ಒರೆಸಿ ಹೋಗುತ್ತಿದ್ದೆ. ಬಿಳಿ ಅಂಗೈ ಹೊತ್ತು ಕ್ಲಾಸಿಗೆ ಹೋಗಿ ಸತ್ಯದ ಬಗ್ಗೆ ಪಾಠ ಮಾಡುತ್ತಿದ್ದೆ.

ಒರೆಸಿಸಿಕೊಂಡವರು ಸುಮ್ಮನಿರುತ್ತಾರೆಯೇ. ನನ್ನ ಎಮ್ಮೆ ಯಾಕೆ ಒರೆಸಿದಿರಿ, ನನ್ನ ಧಾರಣೆ ಯಾಕೆ ಒರೆಸಿದಿರಿ ಎಂದು ಜಗಳ ಶುರುವಾಯಿತು. ಆಗ ಕಾರ್ಯದರ್ಶಿ ಒಂದು ನಿಯಮ ತಂದರು. ಅದನ್ನು ನೆನೆದರೆ ಇವತ್ತಿಗೂ ನನಗೆ ನಮ್ಮ ತಲೆಗಳ ಬಗ್ಗೆ ನಾಚಿಕೆಯಾಗುತ್ತದೆ. ಏನನ್ನು ಒರೆಸಿದರೂ, ಒರೆಸುವ ಮೊದಲು, ಅಲ್ಲಿದ್ದದ್ದನ್ನು ಅಕ್ಷರಕ್ಕೆ ಅಕ್ಷರ ಒಂದು ದೊಡ್ಡ ರಿಜಿಸ್ಟರಿನಲ್ಲಿ ಬರೆದಿಡಬೇಕು. ಭಾನುವಾರ ಏಳೂ ಮಂದಿ ಕೂಡಿ ಅದರ ಕೆಳಗೆ ಸಹಿ ಹಾಕಬೇಕು. ಯಾರೂ ಕದ್ದು ಮುಚ್ಚಿ ಒರೆಸಿಲ್ಲ ಎಂಬುದಕ್ಕೆ ಸಾಕ್ಷಿ. ರಿಜಿಸ್ಟರು ಮೇಜಿನ ಮೇಲೆ ಎಲ್ಲರಿಗೂ ಸಿಗುವಂತೆ ಇರಬೇಕು. ಏಳು ಮಂದಿಯೂ ಚಪ್ಪಾಳೆ ತಟ್ಟಿ ಒಪ್ಪಿದೆವು.

ಹೀಗಾಗಿ ಹಲಗೆಯ ಮೇಲೆ ಅರ್ಧ ಗಂಟೆ ಇದ್ದು ಹೋಗುತ್ತಿದ್ದ ಹೊಲಸು, ನೀಲಿ ಶಾಯಿಯಲ್ಲಿ, ಗೆರೆ ಹಾಕಿದ ಹಾಳೆಯ ಮೇಲೆ, ಶಾಶ್ವತವಾಗಿ ಉಳಿಯತೊಡಗಿತು. ಬರೆಯುವವನು ನಾನೇ. ಬೇರೆಯವರ ವಾರದ್ದನ್ನೂ ಸಂಜೆ ನನ್ನ ಕೈಯಲ್ಲೇ ಬರೆಸುತ್ತಿದ್ದರು, ಅಕ್ಷರ ಚಂದ ಎಂದು. ಆ ವಾಚನಾಲಯದಲ್ಲಿ ಜನ ಕೈಯಿಂದ ಕೈಗೆ ದಾಟಿಸಿ ಓದಿದ ಒಂದೇ ಪುಸ್ತಕ ಅದು. ಬಸ್ಸು ತಪ್ಪಿದರೂ ಪರವಾಗಿಲ್ಲವೆಂದು ಕುಳಿತು ಓದುತ್ತಿದ್ದರು. ಓದು ಬಾರದವರಿಗೆ ಓದು ಬಂದವರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ವಾಚನಾಲಯಕ್ಕೆ ಜನ ಬರುವುದು ಹೆಚ್ಚಾಗಿದೆ ಎಂದು ಕಾರ್ಯದರ್ಶಿಗೆ ಬಹಳ ಖುಷಿ.

ದಿನಾ ಬಂದು ಹಲಗೆಯ ಮುಂದೆ ನಿಲ್ಲುವವರಲ್ಲಿ ಕಾಲುವೆಯ ಗ್ಯಾಂಗ್‌ಮನ್ ಒಬ್ಬ. ಏರಿಯ ಮೇಲೆ ದಿನಕ್ಕೆ ಹತ್ತಾರು ಮೈಲಿ ನಡೆದು, ಸರದಿಯ ಪ್ರಕಾರ ತೂಬು ತೆಗೆಯುವುದು, ಮುಚ್ಚುವುದು ಅವನ ಕೆಲಸ. ತೂಬಿನ ಬಾಗಿಲು ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಹೆಗಲ ಮೇಲೆ, ಕಾಲಲ್ಲಿ ಟಯರಿನ ಚಪ್ಪಲಿ. ಕಡಿಮೆ ಮಾತಿನವನು. ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದ. ಯಾವ ತೂಬಿನ ಸರದಿ ಎಂಬುದನ್ನು ಹಲಗೆಯ ಮೇಲೆ ತಾನೇ ಬರೆದು ಹೋಗುತ್ತಿದ್ದ, ಅಕ್ಷರಗಳು ಒಂದೊಂದೂ ಕುಂಬಳಕಾಯಿಯಷ್ಟು ದಪ್ಪ.

ಹನ್ನೊಂದು ವರ್ಷದಿಂದ ಅವನು ದಿನಗೂಲಿಯ ಮೇಲೆ ಇದ್ದ. ಆ ವರ್ಷ ದಿನಗೂಲಿಯವರನ್ನು ಖಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು. ಅವನ ಮೇಲಿನ ಸೆಕ್ಷನ್ ಆಫೀಸರು ನಡತೆ ಸರಿ ಇದೆ ಎಂದು ಒಂದು ಮಾತು ಬರೆದು ಕಳಿಸಿದರೆ ಮುಗಿಯಿತು. "ಪಟ್ಟಿಯಾಗ ಹೆಸರು ಬಂತಂದ್ರ ಸಾಯೋತನ ಅನ್ನಕ್ಕ ಚಿಂತಿಲ್ಲ ನೋಡ್ರಿ ಮೇಷ್ಟ್ರೇ," ಎಂದು ಒಂದು ದಿನ ನನಗೆ ಹೇಳಿದ್ದ. ಅವನು ತಾನಾಗಿ ಇಷ್ಟು ಮಾತಾಡಿದ್ದು ಅದೇ ಮೊದಲು.

ಅವನ ಒಂದು ಗುಣ ನಮ್ಮ ದೊಡ್ಡವರಿಗೆ ಹಿಡಿಸುತ್ತಿರಲಿಲ್ಲ. ಸರದಿ ಮುಗಿದ ಕೂಡಲೇ ತಲೆಯ ಕಡೆಯ ತೂಬು ಮುಚ್ಚಿಬಿಡುತ್ತಿದ್ದ. ನೀರು ಕೊನೆಯ ಹೊಲದವರಿಗೆ ಹೋಗಬೇಕು ಎಂದು ಅವನ ಹಟ. "ಇನ್ನೊಂದು ತಾಸು ಬಿಡಲೇ," ಎಂದು ಗಿರಣಿಯವನು ಮೋಟಾರ್ ಸೈಕಲ್ ಮೇಲೆ ಕುಳಿತೇ ಕೂಗಿದರೆ, "ಆಗಂಗಿಲ್ರಿ," ಎಂದು ಹ್ಯಾಂಡಲ್ ತಿರುಗಿಸಿ ಹೊರಟುಬಿಡುತ್ತಿದ್ದ. ಕೊನೆಯ ಹೊಲದ ಸಣ್ಣ ರೈತರು ಅವನನ್ನು ದೇವರಂತೆ ಕಾಣುತ್ತಿದ್ದರು. ಅವರಲ್ಲಿ ಯಾರೂ ವಾಚನಾಲಯದ ಸದಸ್ಯರಾಗಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಹಲಗೆಯ ಮೇಲೆ ಬರೆದಿತ್ತು: 'ಕೊನೆಯ ತೂಬಿನ ನೀರನ್ನು ಮಾರಿಕೊಳ್ಳುವವನು ಕಾಲುವೆಯ ಗ್ಯಾಂಗ್‌ಮನ್. ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ.' ಯಾರು ಬರೆದರೋ ಗೊತ್ತಿಲ್ಲ. ಗೊತ್ತಿದೆ ಎಂದು ಇವತ್ತು ಹೇಳಿದರೆ ನಾನು ಸ್ವಲ್ಪ ಒಳ್ಳೆಯವನಾಗಿ ಕಾಣಬಹುದು, ಆದರೆ ಗೊತ್ತಿಲ್ಲ. ಅದು ಸುಳ್ಳು ಎಂಬುದು ಮಾತ್ರ ನಮಗೆ ಏಳೂ ಮಂದಿಗೆ ಗೊತ್ತಿತ್ತು. ನೀರು ಮಾರುವವನಾಗಿದ್ದರೆ ಕೊಳ್ಳುವವರು ನಮ್ಮವರೇ ಇರುತ್ತಿದ್ದರು.

ಮಂಗಳವಾರ ಸೈಕಲ್ ಅಂಗಡಿಯವನದು. ಯಾರೋ ಹೇಳಿದ್ದಕ್ಕೆ ಓಡಿ ಬಂದ. ನಿಯಮ ನಿಯಮವೇ, ಒರೆಸುವ ಮೊದಲು ಬರೆಯಬೇಕು. ಶಾಲೆಗೆ ಹೊರಟಿದ್ದ ನನ್ನನ್ನು ಕರೆದ. ನಾನು ರಿಜಿಸ್ಟರು ತಂದು, ನಿಂತಲ್ಲೇ, ಒಂದಕ್ಷರ ಬಿಡದೆ, ಬಹಳ ಅಂದವಾಗಿ ಬರೆದುಕೊಂಡೆ. ಅವನು ಒರೆಸಿದ. ಹಲಗೆ ಕನ್ನಡಿಯಂತಾಯಿತು. ಭಾನುವಾರ ಏಳೂ ಮಂದಿ ಸಹಿ ಹಾಕಿದೆವು. ಅರ್ಧ ಗಂಟೆಯೊಳಗೆ ಒರೆಸಿದ್ದಕ್ಕೆ ಕಾರ್ಯದರ್ಶಿ ನಮ್ಮನ್ನು ಹೊಗಳಿ, ಮಿರ್ಚಿ ತರಿಸಿದರು. ಗ್ಯಾಂಗ್‌ಮನ್ ಕೂಡ ಹೊರಗೆ ನಿಂತಿದ್ದವನು ಒಳಗೆ ಬಂದು ನಮಗೆ ಕೈ ಮುಗಿದ. "ಭಾಳ ಉಪಕಾರಾತ್ರಿ, ಅಷ್ಟೊತ್ನ್ಯಾಗ ಒರಸಿದ್ರಿ," ಎಂದ. ನಾವು ಮಿರ್ಚಿ ಜಗಿಯುತ್ತ ತಲೆ ಅಲ್ಲಾಡಿಸಿದೆವು.

ಹದಿನೈದು ದಿನ ಕಳೆದಿರಬೇಕು. ಸೆಕ್ಷನ್ ಆಫೀಸರು ಜೀಪು ರಿಪೇರಿಗೆ ಬಿಟ್ಟು, ಹೊತ್ತು ಕಳೆಯಲು ವಾಚನಾಲಯಕ್ಕೆ ಬಂದರು. ಸಾಹೇಬರು ಬಂದದ್ದು ಕೇಳಿ ಕಾರ್ಯದರ್ಶಿ ಅಂಗಡಿ ಬಿಟ್ಟು ಓಡಿ ಬಂದರು. ಅದು ಗುರುವಾರ, ನನ್ನ ವಾರ, ನಾನೂ ಬಿಲ್ಲೆ ಹಾಕಿಕೊಂಡು ಅಲ್ಲೇ ಇದ್ದೆ. ಕಾರ್ಯದರ್ಶಿ ಪೇಪರು ತೋರಿಸಿದರು, ಬೀರು ತೋರಿಸಿದರು, ಹಲಗೆ ತೋರಿಸಿದರು. ಅಷ್ಟಕ್ಕೆ ಬಿಡದೆ, "ನಮ್ಮ ಸದಸ್ಯರು ಎಷ್ಟು ಶಿಸ್ತಿನಿಂದ ಕೆಲಸ ಮಾಡ್ತಾರ ನೋಡ್ರಿ ಸಾಹೇಬ್ರ," ಎಂದು ರಿಜಿಸ್ಟರು ತೆಗೆದು ಮುಂದಿಟ್ಟರು.

ಸಾಹೇಬರು ಹಾಳೆ ತಿರುವುತ್ತ ಹೋಗಿ ಒಂದು ಕಡೆ ನಿಂತರು.

"ಇದು ನಮ್ಮ ಗ್ಯಾಂಗ್‌ಮನ್ ಮೇಲಲ್ಲೇನ್ರಿ?"

"ಹೌದ್ರಿ."

"ಈ ಸಹಿ ಎಲ್ಲಾ ಯಾರವು?"

"ನಮ್ಮವೇ ಸಾಹೇಬ್ರ. ಏಳೂ ಮಂದೀದು. ಊರಿನ ಪ್ರಮುಖರು," ಎಂದರು ಕಾರ್ಯದರ್ಶಿ, ಎದೆಯುಬ್ಬಿಸಿ.

ಸಾಹೇಬರು ಜೇಬಿನಿಂದ ಡೈರಿ ತೆಗೆದು ಗುರುತು ಹಾಕಿಕೊಂಡರು. ನಾನು ಮೂರು ಮಾರು ದೂರದಲ್ಲಿದ್ದೆ. ಅವರು ಏನು ತಿಳಿದುಕೊಂಡರು ಎಂಬುದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ಏಳು ಮಂದಿ ಪ್ರಮುಖರು ಸಹಿ ಹಾಕಿ ಕೊಟ್ಟ ದೂರು ಎಂದು. 'ಸಾರ್, ಇದು ನಾವು ಒರೆಸಿದ್ದು, ಬರೆದದ್ದಲ್ಲ' ಎಂದು ಹೇಳಲು ಒಂದು ಉಸಿರು ಸಾಕಾಗಿತ್ತು. ಆದರೆ ಸಾಹೇಬರು ಅಷ್ಟರಲ್ಲಿ, "ಅಕ್ಷರ ಭಾಳ ಚಂದೈತಿ, ಯಾರ್ದು?" ಎಂದರು. ಕಾರ್ಯದರ್ಶಿ ನನ್ನ ಕಡೆ ಕೈ ತೋರಿಸಿದರು. ನಾನು ನಕ್ಕೆ. ನಕ್ಕು ಕೈ ಮುಗಿದೆ. ಹೇಳಬೇಕಾದ ಮಾತು ಆ ನಗುವಿನಲ್ಲೇ ಮುಗಿದುಹೋಯಿತು.

ಪಟ್ಟಿಗೆ ಹೋಗುವ ವರದಿಯಲ್ಲಿ ಗ್ಯಾಂಗ್‌ಮನ್‌ನ ಹೆಸರಿನ ಮುಂದೆ 'ಸಾರ್ವಜನಿಕರಿಂದ ಲಿಖಿತ ದೂರು ಇದೆ' ಎಂದು ಬರೆದಿದ್ದಾರೆಂದು ಆಫೀಸಿನ ಜವಾನನೊಬ್ಬ ಅವನಿಗೆ ಹೇಳಿದ. ಅವನು ಒಂದು ಸಂಜೆ ನಾವು ಏಳೂ ಮಂದಿ ಇದ್ದಾಗ ಬಂದು ಬಾಗಿಲಲ್ಲಿ ನಿಂತ. ಕುಂದ್ರು ಎಂದು ನಾವು ಯಾರೂ ಅನ್ನಲಿಲ್ಲ.

"ಎಪ್ಪಾ, ನೀವ ಒರಸಿದ್ದು, ನೀವು ಬರದದ್ದಲ್ಲ ಅಂತ ಒಂದು ಚೀಟಿ ಬರ್ಕೊಡ್ರಿ. ಇನ್ನ ಎಂಟು ದಿನ ಐತಿ. ಸಾಹೇಬ್ರು ವರದಿ ತಿದ್ತಾರಂತ."

ಒಂದು ಚೀಟಿ. ಒಂದು ವಾಕ್ಯ. ಅದಕ್ಕೆ ನಾವು ಸಭೆ ಮಾಡಿದೆವು, ಅವನನ್ನು ಹೊರಗೆ ನಿಲ್ಲಿಸಿ. ಅವನು ಸದಸ್ಯನಲ್ಲ, ಆದ್ದರಿಂದ ಅವನ ಅರ್ಜಿಯನ್ನು ಸಭೆ ತೆಗೆದುಕೊಳ್ಳಲು ಬರುವುದಿಲ್ಲ ಎಂದರು ಗುಮಾಸ್ತರು. ನಿಯಮದಲ್ಲಿ ಒರೆಸುವ ಅಧಿಕಾರ ಇದೆಯೇ ಹೊರತು ನಿಜ ಸುಳ್ಳು ಹೇಳುವ ಅಧಿಕಾರ ಇಲ್ಲ ಎಂದರು ಕಾರ್ಯದರ್ಶಿ. "ನಾವೇನು ಕಂಡೀವೇನ್ರಿ? ಮಾರಿದ್ರೂ ಮಾರಿರಬೌದು," ಎಂದ ಗಿರಣಿಯವನು. ನೀರಿಗಾಗಿ ಗ್ಯಾಂಗ್‌ಮನ್‌ನ ಮುಂದೆ ಎಷ್ಟು ಸಲ ಕೈ ಒಡ್ಡಿ ಇಲ್ಲವೆನ್ನಿಸಿಕೊಂಡಿದ್ದನೋ ಅವನಿಗೇ ಗೊತ್ತು. ಜಮೀನಿನ ಉಳಿದಿಬ್ಬರು ನೆಲ ನೋಡುತ್ತಿದ್ದರು. ಸೈಕಲ್ ಅಂಗಡಿಯವನು, "ಪಾಪ ಬರದು ಕೊಡೂನು ಬಿಡ್ರಿ, ಏನಾಕ್ಕೈತಿ," ಎಂದ. ಇಡೀ ಕೋಣೆಯಲ್ಲಿ ಮನುಷ್ಯನಂತೆ ಮಾತಾಡಿದವನು ಓದು ಬಾರದ ಅವನೊಬ್ಬನೇ, ಮತ್ತು ಅವನಿಗೆ ಚೀಟಿ ಬರೆಯಲು ಬರುತ್ತಿರಲಿಲ್ಲ. ಅವನು ನನ್ನ ಮುಖ ನೋಡಿದ.

ನಾನು, "ನಾನು ಸರ್ಕಾರಿ ನೌಕರ. ಬೇರೆ ಇಲಾಖೆಯ ವಿಷಯದಾಗ ನಾನು ಬರಕೊಡಾಕ ಬರಂಗಿಲ್ಲ," ಎಂದೆ.

ಸುಳ್ಳು. ಅಂಥ ನಿಯಮ ಇತ್ತೋ ಇಲ್ಲವೋ ನನಗೆ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಸಾಹೇಬರ ಮುಂದೆ ನಕ್ಕು ಕೈ ಮುಗಿದವನು, ಅದೇ ಕೈಯಿಂದ ಆ ಬರಹ ತಪ್ಪು ಎಂದು ಬರೆದರೆ ಏನೆಂದುಕೊಂಡಾರು ಎಂಬ ಅಳುಕು. ಅಷ್ಟೇ. ಆ ಏಳು ಮಂದಿಯಲ್ಲಿ ನಾನು ಯಾರನ್ನು ಹೀನಾಯವಾಗಿ ಕಂಡರೂ, ಆ ಹೀನರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಇರಬೇಕು.

ಕಾರ್ಯದರ್ಶಿ ಹೊರಗೆ ಹೋಗಿ ಅವನಿಗೆ ಸಮಾಧಾನ ಹೇಳಿದರು. ಒರೆಸಿದ್ದೇವಲ್ಲ, ಹಲಗೆಯ ಮೇಲೆ ಈಗ ಏನೂ ಇಲ್ಲವಲ್ಲ, ಇನ್ನೇನು ಬೇಕು ಎಂದರಂತೆ. ಎಂಟು ದಿನ ಅವನು ದಿನಾ ಬಂದು ವಾಚನಾಲಯದ ಮೆಟ್ಟಿಲ ಹತ್ತಿರ ನಿಂತು ಹೋದ. ನಾನು ಶಾಲೆಗೆ ಹಿಂದಿನ ಓಣಿಯಿಂದ ಹೋಗತೊಡಗಿದೆ. ತಿಂಗಳಿಗೆ ಪಟ್ಟಿ ಬಂತು, ಅವನ ಹೆಸರು ಇರಲಿಲ್ಲ. ದೂರು ಇದ್ದವನನ್ನು ದಿನಗೂಲಿಗೂ ಇಟ್ಟುಕೊಳ್ಳುವುದು ಬೇಡವೆಂದು ಅದೇ ವಾರ ಹ್ಯಾಂಡಲ್ ವಾಪಸು ಇಸಿದುಕೊಂಡರು. ಹೊಸದಾಗಿ ಬಂದ ಗ್ಯಾಂಗ್‌ಮನ್‌ಗೆ ತಲೆಯ ಕಡೆಯ ತೂಬು ಮುಚ್ಚುವ ಆತುರ ಇರಲಿಲ್ಲ. ಆ ಸಲ ಗಿರಣಿಯವನ ಕಬ್ಬು ಆಳೆತ್ತರ ಬಂತು. ಕೊನೆಯ ಹೊಲಗಳಲ್ಲಿ ಭತ್ತ ಹೊಡೆ ಬರುವ, ತೆನೆ ಕಟ್ಟುವ ಹೊತ್ತಿಗೆ ನೆಲ ಬಿರಿದಿತ್ತು.

ಆಮೇಲೆ ಒಂದು ಗುರುವಾರ. ಬೆಳಿಗ್ಗೆ ಎಂಟರ ಸುಮಾರು. ನಾನು ಬಿಲ್ಲೆ ಸಿಕ್ಕಿಸಿಕೊಂಡು ವಾಚನಾಲಯಕ್ಕೆ ಬಂದಾಗ ಅವನು ಹಲಗೆಯ ಹತ್ತಿರ ಇದ್ದ. ಪಕ್ಕದಲ್ಲಿ ಒಂದು ತಗಡಿನ ಟ್ರಂಕು, ಹಾಸಿಗೆ ಸುರುಳಿ, ಹೆಂಡತಿ. ಸಂಡೂರಿನ ಗಣಿಯಲ್ಲಿ ಲಾರಿಗೆ ಅದಿರು ತುಂಬುವ ಕೆಲಸಕ್ಕೆ ಹೊರಟಿದ್ದಾರೆ, ಹೊಸಪೇಟೆ ಬಸ್ಸಿಗೆ ಕಾಯುತ್ತಿದ್ದಾರೆ ಎಂದು ಅಲ್ಲಿದ್ದ ಯಾರೋ ಹೇಳಿದರು. ಹನ್ನೊಂದು ವರ್ಷ ನೀರಿನ ಪಕ್ಕ ನಡೆದವನು ನಲವತ್ತು ದಾಟಿದ ಮೇಲೆ ಕೆಂಪು ಧೂಳಿಗೆ ಹೊರಟಿದ್ದ.

ಅವನು ಸೀಮೆಸುಣ್ಣದಿಂದ ಬರೆದು ಮುಗಿಸಿದ್ದ. ಅದೇ ದಪ್ಪ ಅಕ್ಷರ: 'ನಾನು ನೀರು ಮಾರಿಲ್ಲ.' ಹಲಗೆಯ ತುಂಬ ಅಷ್ಟೇ. ಬಸ್ಸಿಗೆ ನಿಂತ ಹದಿನೈದು ಇಪ್ಪತ್ತು ಮಂದಿ ಅದನ್ನು ಓದುತ್ತಿದ್ದರು, ಓದಿ ನನ್ನ ಬಿಲ್ಲೆಯನ್ನು ನೋಡುತ್ತಿದ್ದರು. ಅಷ್ಟರಲ್ಲಿ ನಮ್ಮ ನಿಯಮಗಳೂ ಬೆಳೆದಿದ್ದವು. ನಾಲ್ಕನೆಯದು, ಸ್ವಂತ ಅಹವಾಲು ಬರೆಯಕೂಡದು. ಎದುರಿನ ಗೊಬ್ಬರದ ಅಂಗಡಿಯಿಂದ ಕಾರ್ಯದರ್ಶಿ ನನ್ನನ್ನೇ ನೋಡುತ್ತ, ಗಲ್ಲೆಯ ಹಿಂದೆ ಎದ್ದು ನಿಂತಿದ್ದರು.

ನಾನು ಒಳಗೆ ಹೋಗಿ ರಿಜಿಸ್ಟರಿನಲ್ಲಿ ಅದನ್ನು ಬರೆದುಕೊಂಡೆ. ಕಾರಣ ಎಂಬ ಕಡೆ ನಿಯಮ ನಾಲ್ಕು ಎಂದು ಹಾಕಿದೆ. ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಹೊರಗೆ ಬಂದು ಒರೆಸಲು ನಿಂತೆ. ಅವನು ಟ್ರಂಕಿನ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಜಗಳ ತೆಗೆಯಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ಸ್ವಲ್ಪ ನಿದ್ದೆ ಮಾಡುತ್ತಿದ್ದೆನೇನೋ. ಬೇಗ ಬೇಗ ಎರಡು ಸಲ ಎಳೆದು, ಮುಗಿಯಿತೆಂದು ತಿರುಗಿದೆ.

"ಮೇಷ್ಟ್ರೇ," ಎಂದು ಅವನು ಕರೆದ. ದನಿಯಲ್ಲಿ ಸಿಟ್ಟಿರಲಿಲ್ಲ, ತೂಬಿನ ಬಾಗಿಲು ಸರಿಯಾಗಿ ಕೂತಿಲ್ಲವೆಂದು ಹೇಳುವವನ ದನಿ. "ಆ ಮೂಲ್ಯಾಗ ಇನ್ನೊಂದಕ್ಷರ ಉಳದೈತ್ರಿ."

ನಾನು ಮತ್ತೆ ಹೋಗಿ ಅದನ್ನೂ ಒರೆಸಿದೆ.